ಕಣ್ಣಳತೆಗೆ ಸಿಗದ ರಕ್ತ

ಮಗು ಅತ್ತಿತು ಎಂದರೆ ಹೆರಿಗೆ ಮುಗಿಯಿತು ಎಂದೇ ಮನೆಯವರ ಎಣಿಕೆ. ಹೊರಗೆ ಕಾದು ಕುಳಿತವರು ಗಂಡೋ ಹೆಣ್ಣೋ ಎಂದು ಕೇಳಿ ಸಕ್ಕರೆ ಹಂಚಲು ಹೊರಡುತ್ತಾರೆ. ತಾಯಿಯ ಪಾಲಿಗೆ ಬಲು ಅಪಾಯದ ಗಳಿಗೆ ಶುರುವಾಗುವುದು ಆಗಲೇ.

ತುಂಬು ತಿಂಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿಕೊಂಡಾಗ ಅಲ್ಲಿನ ರಕ್ತನಾಳಗಳ ಬಾಯಿ ತೆರೆದೇ ಉಳಿಯುತ್ತದೆ. ಗರ್ಭಕೋಶದ ಸ್ನಾಯುಗಳು ಬಿಗಿಯಾಗಿ ಮುದುಡಿ ಆ ನಾಳಗಳನ್ನು ಹಿಸುಕಬೇಕು. ಹೊಟ್ಟೆಯ ಮೇಲೆ ಕೈಯಿಟ್ಟಾಗ ಗರ್ಭಕೋಶ ಗಟ್ಟಿಯಾಗಿ ಸಿಕ್ಕರೆ ಸರಿ. ಮೆತ್ತಗೆ ಸಿಕ್ಕರೆ ರಕ್ತ ಹೋಗುತ್ತಲೇ ಇರುತ್ತದೆ. ಎಷ್ಟು ಹೋಯಿತು? ಉತ್ತರ ಕಷ್ಟವಾಗಿರುವುದು ಇಲ್ಲೇ. ಹೆರಿಗೆಯಾದಾಗ ರಕ್ತ ಹೋಗುವುದು ಸಹಜ. ಅರ್ಧ ಲೀಟರು ದಾಟಿದರೆ ಅದು ಅತಿಸ್ರಾವ ಎಂಬುದು ವೈದ್ಯರ ಬಹುಕಾಲದ ಲೆಕ್ಕ. ಆದರೆ ರಕ್ತ ಒಂದು ಕಡೆ ನಿಲ್ಲುವುದಿಲ್ಲ. ಬಟ್ಟೆಗೆ ಹೀರುತ್ತದೆ, ಗರ್ಭದ ನೀರಿನೊಡನೆ ಬೆರೆಯುತ್ತದೆ, ನೆಲಕ್ಕೆ ಹರಿಯುತ್ತದೆ. ನುರಿತ ಸೂಲಗಿತ್ತಿಗಿರಲಿ, ಡಾಕ್ಟರಿಗೂ ಅಂದಾಜು ತಪ್ಪುತ್ತದೆ. 'ಕೆಟ್ಟ ರಕ್ತ ಹೋದರೆ ಒಳ್ಳೆಯದೇ' ಎಂಬ ಹಿರಿಯರ ಮಾತು ಬೇರೆ ಜೊತೆಗಿರುತ್ತದೆ.

ಈ ಅಳತೆಯ ಕಥೆಯಲ್ಲಿ ಬೆಳಗಾವಿಗೆ ಒಂದು ಮುಖ್ಯ ಪಾತ್ರವಿದೆ. 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ, ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಜ್ಞರು ಅಮೆರಿಕದ ಸಂಶೋಧಕರೊಡನೆ ಸೇರಿ ಒಂದು ಪ್ರಯೋಗ ನಡೆಸಿದರು. 1,620 ಬಾಣಂತಿಯರಲ್ಲಿ ಒಂದು ಗುಂಪಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆ. ಕೊಟ್ಟವರು ಹಳ್ಳಿಯ ಎಎನ್‌ಎಂ ನರ್ಸುಗಳು. ಆಕ್ಸಿಟೋಸಿನ್‌ಗೆ ಸಿರಿಂಜು ಬೇಕು, ತಂಪು ಪೆಟ್ಟಿಗೆ ಬೇಕು. ಈ ಮಾತ್ರೆಗೆ ಎರಡೂ ಬೇಡ. ಅತಿಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಕೆಲವರಿಗೆ ಚಳಿ, ಜ್ವರ ಬಂದದ್ದೂ ಉಂಟು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಫಲಿತಾಂಶ ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಮಾತ್ರೆಗೆ ಹೆಸರು ಬಂತು. ಅದೇ ಪ್ರಯೋಗದಲ್ಲಿ ರಕ್ತ ಅಳೆಯಲು ಬಳಸಿದ ಪ್ಲಾಸ್ಟಿಕ್ ಹಾಳೆಯ ಸುದ್ದಿ ಮಾತ್ರ ಹಿಂದೆ ಬಿತ್ತು. ಬಾಣಂತಿಯ ಕೆಳಗೆ ಹಾಸುವ ಈ ಹಾಳೆಯ ತುದಿಯಲ್ಲಿ ಲಾಳಿಕೆಯಂಥ ಚೀಲ, ಅದರ ಮೇಲೆ ಮಿಲಿಲೀಟರಿನ ಗೆರೆಗಳು. ಅಷ್ಟೇ. ಕಣ್ಣಳತೆಯನ್ನೂ ಹಾಳೆಯ ಅಳತೆಯನ್ನೂ ಹೋಲಿಸಿದ ಇನ್ನೊಂದು ಅಧ್ಯಯನವೂ 2006ರಲ್ಲೇ ಬಂತು. ಕಣ್ಣಿನ ಅಂದಾಜು ಶೇ 33ರಷ್ಟು ಕಡಿಮೆ! ಹಾಳೆ 600 ಎಂದು ತೋರಿಸುವಾಗ ಕಣ್ಣು 400 ಎನ್ನುತ್ತಿತ್ತು ಎಂದು ಇಟ್ಟುಕೊಳ್ಳಬಹುದು. ಅಂದರೆ ಚಿಕಿತ್ಸೆ ಬೇಕಾದವಳು 'ಪರವಾಗಿಲ್ಲ' ಎನ್ನುವವರ ಸಾಲಿಗೆ ಸೇರುತ್ತಿದ್ದಳು.

ಆ ಗೆರೆಗಳ ಬೆಲೆ ಜಗತ್ತಿಗೆ ತಿಳಿಯಲು ಮತ್ತೆ 17 ವರ್ಷ ಹಿಡಿಯಿತು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಸಹಜ ಹೆರಿಗೆಗಳಲ್ಲಿ ನಡೆದ 'ಇ-ಮೋಟಿವ್' ಪ್ರಯೋಗದ ವರದಿ 2023ರಲ್ಲಿ ಹೊರಬಂತು. ಅರ್ಧ ಆಸ್ಪತ್ರೆಗಳಿಗೆ ಗೆರೆಯಿರುವ ಹಾಳೆ, ಉಳಿದವಕ್ಕೆ ಗೆರೆಯಿಲ್ಲದ್ದು. ಗೆರೆಯಿದ್ದಲ್ಲಿ ಸಿಬ್ಬಂದಿಗೆ ಇನ್ನೊಂದು ಪಾಠವೂ ಆಗಿತ್ತು. ರಕ್ತ ಗೆರೆ ಮುಟ್ಟಿದರೆ ಗರ್ಭಕೋಶ ತಿಕ್ಕುವುದು, ಅದನ್ನು ಬಿಗಿಗೊಳಿಸುವ ಔಷಧ, ಟ್ರಾನೆಕ್ಸಾಮಿಕ್ ಆಮ್ಲ, ಗ್ಲೂಕೋಸ್ ಬಾಟಲಿಯಂತೆ ಏರಿಸುವ ದ್ರವ, ಎಲ್ಲಿಂದ ಸ್ರಾವ ಎಂಬ ತಪಾಸಣೆ ಎಲ್ಲವನ್ನೂ ಒಟ್ಟಿಗೇ ಮಾಡಬೇಕು. ಒಂದು ಮಾಡಿ, ಕಾದು ನೋಡಿ, ಮತ್ತೊಂದು ಎನ್ನುವಂತಿಲ್ಲ. ಇದರಲ್ಲಿ ಹೊಸ ಔಷಧ ಒಂದೂ ಇರಲಿಲ್ಲ. ಆದರೂ ಹಳೆಯ ಪದ್ಧತಿಯಲ್ಲಿ ಅತಿಸ್ರಾವದ ಸುಮಾರು ಅರ್ಧದಷ್ಟು ಪ್ರಕರಣಗಳು ಮಾತ್ರ ಗುರುತಿಗೆ ಬಂದರೆ, ಹೊಸತರಲ್ಲಿ ಶೇ 93. ತೀವ್ರ ಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು ಅಥವಾ ಸಾವು, ಇವುಗಳ ಒಟ್ಟು ಪ್ರಮಾಣ ಶೇ 4.3ರಿಂದ 1.6ಕ್ಕೆ ಬಂತು.

ಅದೇ ವರ್ಷದ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಅಳತೆಯ ಹಾಳೆಯನ್ನೂ ಒಟ್ಟು ಚಿಕಿತ್ಸೆಯನ್ನೂ ಶಿಫಾರಸು ಮಾಡಿತು. 2025ರಲ್ಲಿ ಇನ್ನೊಂದು ಹೆಜ್ಜೆ: ನಾಡಿ ಅಥವಾ ರಕ್ತದೊತ್ತಡ ಏರುಪೇರಾಗಿದ್ದರೆ 500ರವರೆಗೆ ಕಾಯಬೇಡಿ, 300 ಮಿಲಿಲೀಟರಿಗೇ ಕೈಹಾಕಿ ಎಂದಿತು. ಕರ್ನಾಟಕಕ್ಕೆ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಗರ್ಭಿಣಿಯರಲ್ಲಿ ಶೇ 45.7ರಷ್ಟು ಮಂದಿಗೆ ರಕ್ತಹೀನತೆ. ಮೊದಲೇ ರಕ್ತ ಕಡಿಮೆ ಇದ್ದವಳಿಗೆ ಅರ್ಧ ಲೀಟರು ಸಣ್ಣ ನಷ್ಟವಲ್ಲ.

ಲಕ್ಷ ಜೀವಂತ ಜನನಗಳಿಗೆ ರಾಜ್ಯದಲ್ಲಿ ಸಾಯುತ್ತಿದ್ದ ತಾಯಂದಿರ ಸಂಖ್ಯೆ 2001–03ರಲ್ಲಿ 228, 2018–20ರಲ್ಲಿ 69. ಹೆರಿಗೆಗಳು ಆಸ್ಪತ್ರೆಗೆ ಬಂದದ್ದರ ಪಾಲು ಇದರಲ್ಲಿ ದೊಡ್ಡದು. ಆಸ್ಪತ್ರೆಗೆ ಬಂದವಳ ಹಾಸಿಗೆಯ ಕೆಳಗೆ ಏನು ಹಾಸುತ್ತಾರೆ ಎಂಬುದು ಮುಂದಿನ ಪ್ರಶ್ನೆ. ಹಾಳೆ ಒಂದು ಹೆರಿಗೆಗೆ ಒಂದು. ತೊಳೆದು ಮತ್ತೆ ಹಾಸುವಂಥದ್ದಲ್ಲ. ತಾಲ್ಲೂಕು ಆಸ್ಪತ್ರೆಯ ಉಗ್ರಾಣಕ್ಕೆ ಹತ್ತಿ, ಕೈಗವಸು ತರಿಸುವ ಬೇಡಿಕೆ ಪಟ್ಟಿಯಲ್ಲೇ ಅದಕ್ಕೂ ಒಂದು ಸಾಲು ಬೇಕು.