ತುಕ್ಕು ಹಿಡಿದ ಮೊಳೆಯಿಂದಲೇ ಧನುರ್ವಾಯು ಬರುತ್ತದೆಯೇ?

"ತುಕ್ಕು ಹಿಡಿದ ಮೊಳೆ ಚುಚ್ಚಿದರೆ 24 ಗಂಟೆಯೊಳಗೆ ಟಿಟಿ ಇಂಜೆಕ್ಷನ್ ಮಾಡಿಸಿ, ತಡವಾದರೆ ಪ್ರಯೋಜನವಿಲ್ಲ." ಇಂಥ ಮಾತನ್ನು ನಾವೆಲ್ಲ ಮನೆಯಲ್ಲೂ ಕೇಳಿದ್ದೇವೆ, ವಾಟ್ಸಾಪ್‌ನಲ್ಲೂ ಓದಿದ್ದೇವೆ. ಇದರಲ್ಲಿ ಅರ್ಧ ಮಾತ್ರ ನಿಜ.

ಧನುರ್ವಾಯು ತರುವುದು ತುಕ್ಕಲ್ಲ, ಕ್ಲಾಸ್ಟ್ರಿಡಿಯಂ ಟೆಟಾನಿ ಎಂಬ ಬ್ಯಾಕ್ಟೀರಿಯಾ. ಇದು ಮಣ್ಣಿನಲ್ಲಿ, ಸಗಣಿಯಲ್ಲಿ, ಕುದುರೆ ಲದ್ದಿಯಲ್ಲಿ ಇರುತ್ತದೆ. ಇದಕ್ಕೆ ಆಮ್ಲಜನಕ ಆಗಿಬರುವುದಿಲ್ಲ. ಹಾಗಾಗಿ ಹೊರಗಿರುವಾಗ ಗಟ್ಟಿ ಕವಚದ ಬೀಜಕಣವಾಗಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ನೀರು ಕುದಿಸಿದರೂ ಸುಲಭಕ್ಕೆ ಸಾಯದು. (ಗ್ಯಾಸ್ ಗ್ಯಾಂಗ್ರೀನ್, ಬೊಟುಲಿಸಂ ತರುವ ಬ್ಯಾಕ್ಟೀರಿಯಾಗಳೂ ಇದರ ದಾಯಾದಿಗಳೇ.)

ಮೊಳೆ ಮಾಡುವ ಗಾಯ ಕಿರಿದು, ಆದರೆ ಆಳ. ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ, ಒಳಗೆ ಗಾಳಿ ಆಡುವುದಿಲ್ಲ. ಬೀಜಕಣಕ್ಕೆ ಬೇಕಾದದ್ದೇ ಅದು. ಅಲ್ಲಿ ಎಚ್ಚೆತ್ತ ಬ್ಯಾಕ್ಟೀರಿಯಾ ಬಿಡುವ ವಿಷ ನರಗಳ ಮೂಲಕ ಬೆನ್ನುಹುರಿ ಸೇರುತ್ತದೆ, ಸ್ನಾಯುಗಳು ಸಡಿಲವಾಗದಂತೆ ಮಾಡುತ್ತದೆ. ಮೊದಲು ದವಡೆ ಬಿಗಿಯುತ್ತದೆ, ಕೊನೆಗೆ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಧನುರ್ವಾಯು ಎಂಬ ಹೆಸರು ಬಂದದ್ದು ಹೀಗೆ. ಸಾಮಾನ್ಯವಾಗಿ ಇದೆಲ್ಲ ಶುರುವಾಗುವುದು ಗಾಯವಾದ 3ರಿಂದ 21 ದಿನಗಳಲ್ಲಿ. ಅಷ್ಟರಲ್ಲಿ ಗಾಯವೇ ಮರೆತುಹೋಗಿರುತ್ತದೆ. ಮೊಳೆ ಹೊಸದಾಗಿದ್ದರೂ, ಮಣ್ಣು ಮೆತ್ತಿದ ಬರೀ ಮುಳ್ಳಾದರೂ ಅಪಾಯ ಅಷ್ಟೇ.

ಗಾಯಕ್ಕೆ ಮಣ್ಣು, ಸಗಣಿ ಹಚ್ಚುವ ಮನೆಮದ್ದು ಬೀಜಕಣವನ್ನು ನಾವೇ ಕೈಯಾರೆ ಒಳಗೆ ತುಂಬಿದಂತೆ. ಹಿಂದೆ ಶುಚಿಯಿಲ್ಲದ ಬ್ಲೇಡಿನಿಂದ ಹೊಕ್ಕುಳಬಳ್ಳಿ ಕತ್ತರಿಸಿ, ಅದಕ್ಕೆ ಸಗಣಿ ಹಚ್ಚಿದ್ದರಿಂದ ಎಷ್ಟೋ ಹಸುಗೂಸುಗಳು ತೀರಿಕೊಂಡಿವೆ. ಗರ್ಭಿಣಿಯರಿಗೆ ಲಸಿಕೆ, ಶುಚಿಯಾದ ಹೆರಿಗೆ ಇವೆರಡರಿಂದ ಭಾರತ 2015ರಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿತು. ಅಂದರೆ ಪ್ರತಿ ಜಿಲ್ಲೆಯಲ್ಲೂ 1000 ಜನನಕ್ಕೆ ಒಂದಕ್ಕಿಂತ ಕಡಿಮೆ ಶಿಶುಗಳಲ್ಲಿ ರೋಗ. ಸಿಡುಬಿನಂತೆ ಬೇರುಸಹಿತ ಕೀಳಲು ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ರೋಗವಲ್ಲ, ಮಣ್ಣಲ್ಲೇ ಇದೆ.

ಇನ್ನು 24 ಗಂಟೆಯ ಲೆಕ್ಕ. ಬೇಗ ಹೋದಷ್ಟೂ ಒಳ್ಳೆಯದು, ನಿಜ. ಆದರೆ ಎರಡು ದಿನ ಕಳೆದಿದೆ ಎಂದು ಮನೆಯಲ್ಲೇ ಕೂರಬೇಡಿ, ಆಗಲೂ ಲಸಿಕೆ ಕೊಡುತ್ತಾರೆ. ಹಾಗೆಯೇ ಪ್ರತಿ ತರಚು ಗಾಯಕ್ಕೂ ಇಂಜೆಕ್ಷನ್ ಬೇಕಿಲ್ಲ. ಬಾಲ್ಯದ ಲಸಿಕೆಗಳೆಲ್ಲ ಆಗಿದ್ದು, ಕೊನೆಯ ಡೋಸ್ ಪಡೆದು 5 ವರ್ಷ ದಾಟಿಲ್ಲದಿದ್ದರೆ ಕೊಳಕು ಗಾಯಕ್ಕೂ ಸಾಮಾನ್ಯವಾಗಿ ಬೇಡ. ಈಗ ಟಿಟಿ ಬದಲು ಗಂಟಲಮಾರಿಯನ್ನೂ ತಡೆಯುವ ಟಿಡಿ ಲಸಿಕೆ ಬಂದಿದೆ. ಮಕ್ಕಳಿಗೆ 10 ಮತ್ತು 16ನೇ ವಯಸ್ಸಿನಲ್ಲಿ ಕೊಡುತ್ತಾರೆ.

ಲಸಿಕೆ ಹಾಕಿಸಿದ್ದೇ ನೆನಪಿಲ್ಲದವರು ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಲಸಿಕೆ ಕೆಲಸ ಮಾಡಲು ದಿನಗಳು ಬೇಕು. ಅಂಥವರ ಕೊಳಕು ಗಾಯಕ್ಕೆ ಸಿದ್ಧ ಪ್ರತಿಕಾಯಗಳಿರುವ ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್ನೂ ಬೇಕಾಗುತ್ತದೆ. ಆಸ್ಪತ್ರೆಗೆ ಹೊರಡುವ ಮುನ್ನ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.