ಬೆಳಗಿನ ಜಾವದ ಕರೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಸಮೀಪಿಸುತ್ತಲೇ ಅಧ್ಯಾಪಕರು ಬೆಳಗಿನ ಜಾವ ಐದು ಗಂಟೆಗೆ ವಿದ್ಯಾರ್ಥಿಗಳ ಮನೆಗೆ ಫೋನು ಮಾಡಿ ಅವರನ್ನು ಓದಿಗೆ ಎಬ್ಬಿಸತಕ್ಕದ್ದೆಂಬ, ರಾತ್ರಿಯ ವೇಳೆ ಮನೆಮನೆಗೆ ಹೋಗಿ ಮಕ್ಕಳು ಪುಸ್ತಕದ ಮುಂದೆ ಕುಳಿತಿರುವರೋ ಇಲ್ಲವೋ ಎಂದು ನೋಡಿ ಬರತಕ್ಕದ್ದೆಂಬ ಪದ್ಧತಿಯೊಂದು ನಮ್ಮ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಬೇರೂರಿದೆ. ಇದನ್ನು ಕರ್ತವ್ಯನಿಷ್ಠೆಯ ಪರಾಕಾಷ್ಠೆಯೆಂದು ಕೊಂಡಾಡುವವರೂ, ಅಧ್ಯಾಪಕರ ಮೇಲಿನ ದಬ್ಬಾಳಿಕೆಯೆಂದು ಹಳಿಯುವವರೂ ಉಂಟು. ಆದರೆ ಹೀಗೆ ಎಚ್ಚರಗೊಂಡ ಹುಡುಗ ಆಮೇಲೆ ಏನು ಮಾಡುತ್ತಾನೆಂಬ ಪ್ರಶ್ನೆಯನ್ನು ಈ ಉಭಯ ಪಕ್ಷದವರೂ ಕೇಳಿದಂತಿಲ್ಲ.

ಅವನು ಕಂಬಳಿ ಹೊದ್ದು, ಗೋಡೆಗೊರಗಿ, ‘ಪಾಸಿಂಗ್ ಪ್ಯಾಕೇಜ್’ ಎಂಬ ಆಯ್ದ ಪ್ರಶ್ನೋತ್ತರಗಳ ಹಾಳೆಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಹೃದಯದ ಚಿತ್ರದ ಕೆಳಗಣ ಉತ್ತರಕ್ಕೆ ಕೆಂಪು ಗೆರೆ ಎಳೆದು, ಅದನ್ನೇ ಮತ್ತೆ ಮತ್ತೆ ಗಟ್ಟಿಯಾಗಿ ಓದುತ್ತಾನೆ. ಹಾಳೆ ಮಗುಚಿಟ್ಟು, ಬಲ ಹೃತ್ಕುಕ್ಷಿಯಿಂದ ರಕ್ತ ಎಲ್ಲಿಗೆ ಹೋಗುವುದಪ್ಪಾ ಎಂದರೆ ಮಿಕಿಮಿಕಿ ನೋಡುತ್ತಾನೆ. ಓದಿಲ್ಲವೆನ್ನಲಾಗದು, ಆದರೆ ಓದಿದ್ದನ್ನು ಪುಸ್ತಕದ ಸಹಾಯವಿಲ್ಲದೆ ನೆನಪಿಗೆ ತಂದುಕೊಳ್ಳುವ ಅಭ್ಯಾಸವನ್ನು ಅವನಿಗೆ ಯಾರೂ ಮಾಡಿಸಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಪುನಃ ಪುನಃ ಓದಿದವರು ಐದು ನಿಮಿಷದ ಅನಂತರದ ಪರೀಕ್ಷೆಯಲ್ಲಿ ಮುಂದಿದ್ದರೂ, ಒಂದು ವಾರ ಕಳೆದ ಮೇಲೆ, ಓದಿದ್ದನ್ನು ನೆನೆನೆನೆದು ಬರೆದವರೇ ಮೇಲಾದರು. ಓದುವ ಹತ್ತು ವಿಧಾನಗಳನ್ನು 2013ರಲ್ಲಿ ತೂಗಿನೋಡಿದ ಡನ್ಲಾಸ್ಕಿ ಮತ್ತವರ ಸಂಗಡಿಗರು, ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದಕ್ಕೂ ಓದನ್ನು ದಿನಗಳ ಮೇಲೆ ಹಂಚಿಕೊಳ್ಳುವುದಕ್ಕೂ ಅಗ್ರಸ್ಥಾನವಿತ್ತು, ಗೆರೆ ಎಳೆಯುವುದನ್ನೂ ಮರುಓದನ್ನೂ ಕೆಳಗಿರಿಸಿದರು. ನಮ್ಮ ಮಕ್ಕಳ ಕೈಯಲ್ಲಿರುವುದು ಈ ಕೊನೆಯ ಎರಡೇ.

ನಿದ್ರೆಯ ಮಾತಂತೂ ಇನ್ನೂ ಶೋಚನೀಯ. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕೆಂದೂ, ಕಲಿತದ್ದು ನೆಲೆಗೊಳ್ಳುವುದೇ ನಿದ್ರೆಯಲ್ಲೆಂದೂ ವೈದ್ಯರು ಹೇಳುತ್ತಿರುವಾಗ, ರಾತ್ರಿ ಹತ್ತರವರೆಗೆ ಓದಿಸಿ ಐದಕ್ಕೆ ಎಬ್ಬಿಸುವುದು ಯಾವ ವಿವೇಕ? (ಎಬ್ಬಿಸುವ ಮೇಷ್ಟರು ಅದಕ್ಕೂ ಮೊದಲೇ ಏಳಬೇಕೆಂಬುದನ್ನು ಯಾವ ವರದಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.)

ಮಕ್ಕಳನ್ನು ಓದಿಗೆ ಕೂರಿಸಲು ಬೇರೆ ದಾರಿ ಹಿಡಿದವರೂ ಉಂಟು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ನು ಮೊಳಗುತ್ತದೆ. ಒಂದೂವರೆ ಗಂಟೆ ಕಾಲ ಟಿವಿ, ಮೊಬೈಲುಗಳು ಬಂದ್. ಸೈರನ್ನಿನ ಸಮೂಹಶಿಸ್ತು ನನಗೆ ರುಚಿಸದಾದರೂ, ನಮ್ಮ ಫೋನು ಕರೆಗಿಂತ ಅದು ಎಷ್ಟೋ ಮೇಲೆಂದು ಒಪ್ಪಲೇಬೇಕು. ಏಕೆಂದರೆ ಅದು ಹಿರಿಯರನ್ನೂ ಕಟ್ಟಿಹಾಕುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಅಪ್ಪ ಧಾರಾವಾಹಿ ನೋಡುತ್ತಿರುವಾಗ ಮಗಳಿಗೆ ಏಕಾಗ್ರತೆಯನ್ನು ಉಪದೇಶಿಸುವುದು ಹಾಸ್ಯಾಸ್ಪದ.

ಬೆಳಗಿನ ಕರೆಯ ಹಿಂದಿರುವುದು ಶಿಕ್ಷಣ ಇಲಾಖೆಯ ಫಲಿತಾಂಶದ ಭಯ. 2023ರಲ್ಲಿ ಶೇಕಡ 83.89ರಷ್ಟಿದ್ದ ಉತ್ತೀರ್ಣತೆ, ಪರೀಕ್ಷಾ ಕೊಠಡಿಗಳನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ 73.40ಕ್ಕೆ ಇಳಿಯಿತು, 2025ರಲ್ಲಿ 62.34. ಮೇಲ್ವಿಚಾರಣೆ ಬಿಗಿಯಾದೊಡನೆ ಕುಸಿದ ಈ ಅಂಕಿ, ಮಕ್ಕಳು ಸಾಕಷ್ಟು ಬೇಗ ಏಳಲಿಲ್ಲವೆಂಬುದನ್ನು ಸೂಚಿಸುವುದೋ, ಅಥವಾ ಹಿಂದಿನ ವರ್ಷಗಳಲ್ಲಿ ನಾವು ಕಲಿಕೆಯೆಂದು ಭ್ರಮಿಸಿದ್ದು ಕಲಿಕೆಯೇ ಆಗಿರಲಿಲ್ಲವೆಂಬುದನ್ನೋ?

ಮನೆಯ ಓದಿನ ಅಭ್ಯಾಸ ಶಾಲೆಯಲ್ಲಿಯೇ ಆರಂಭವಾಗತಕ್ಕದ್ದು, ಅದೂ ಜೂನ್ ತಿಂಗಳಲ್ಲಿ. ಪ್ರತಿಯೊಂದು ಅವಧಿಯ ಕೊನೆಯ ಹತ್ತು ನಿಮಿಷ ಪುಸ್ತಕ ಮುಚ್ಚಿಸಿ, ಅಂದಿನ ಪಾಠದಲ್ಲಿ ನೆನಪಿದ್ದಷ್ಟನ್ನು ಬರೆಯಿಸಿ, ಹಿಂದಿನ ವಾರದ ಪ್ರಶ್ನೆಯೊಂದನ್ನು ಕೇಳಿದರೆ ಸಾಕು. ಮಕ್ಕಳು ಅದೇ ಕ್ರಮವನ್ನು ಮನೆಗೆ ಒಯ್ಯುತ್ತಾರೆ. ಮನೆಯಲ್ಲಿ ಜಾಗವಿಲ್ಲದವರಿಗಾಗಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳನ್ನು ರಾತ್ರಿ ಒಂಬತ್ತರವರೆಗೆ ತೆರೆದಿಡಿ, ಹೆಣ್ಣುಮಕ್ಕಳು ನಿರ್ಭಯವಾಗಿ ಹಿಂದಿರುಗುವ ವ್ಯವಸ್ಥೆ ಮಾಡಿ. ಐದು ಗಂಟೆಯ ಕರೆಯನ್ನು ಈ ವರ್ಷವೇ ನಿಲ್ಲಿಸಿ.