ಖಾಲಿ ಗಾಡಿಯ ಪರೀಕ್ಷೆ

ಹೊಸ ವಾಹನವನ್ನು ಕೊಳ್ಳುವ ಮುನ್ನ ಅದನ್ನು ಓಡಿಸಿ ನೋಡುವ ಅವಕಾಶ ನಮ್ಮ ದೇಶದ ಸಾಮಾನ್ಯ ಗ್ರಾಹಕನಿಗೆ ದೊರೆತು ಬಹಳ ಕಾಲವೇನೂ ಆಗಿಲ್ಲ. ಲೈಸೆನ್ಸು, ಪರ್ಮಿಟ್ಟುಗಳ ಕಾಲದಲ್ಲಿ ಮುಂಗಡ ಹಣ ಕಟ್ಟಿ, ಸರದಿಯ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ವರ್ಷಗಟ್ಟಲೆ ಕಾಯುತ್ತಿದ್ದವನಿಗೆ ಬಂದ ಗಾಡಿಯೇ ಭಾಗ್ಯ. ಅದರ ಬಣ್ಣದ ಬಗೆಗೆ ತಕರಾರು ಎತ್ತುವುದೂ ಉದ್ಧಟತನವೆನಿಸುತ್ತಿತ್ತು. 1991ರ ಆರ್ಥಿಕ ಉದಾರೀಕರಣದ ನಂತರ ಈ ಚಿತ್ರ ಬದಲಾಯಿತು. ಈಗ ಒಂದು ಫೋನು ಮಾಡಿದರೆ ಗಾಡಿಯೇ ಮನೆಬಾಗಿಲಿಗೆ ಬರುತ್ತದೆ, ಜೊತೆಗೆ ಕೊರಳಪಟ್ಟಿ ಕಟ್ಟಿಕೊಂಡ ಯುವಕನೊಬ್ಬ ನಗುನಗುತ್ತ ಕೀಲಿಕೈಯನ್ನು ಮುಂದೆ ಚಾಚುತ್ತಾನೆ. ಇದನ್ನು ಗ್ರಾಹಕನ ಗೆಲುವೆಂದು ಬಣ್ಣಿಸುವವರಿದ್ದಾರೆ. ಕಾರಿನ ಮಟ್ಟಿಗೆ ಒಪ್ಪಿಕೊಳ್ಳೋಣ. ಸರಕು ಹೊರುವ ಪಿಕಪ್ಪಿನ ವಿಷಯದಲ್ಲಿ ಮಾತ್ರ ಈ ಟೆಸ್ಟ್ ಡ್ರೈವ್ ಎಂಬುದು ಬರಿಯ ಉಪಚಾರ. ಅದೂ ಸಲ್ಲಬೇಕಾದವರಿಗೆ ಸಲ್ಲದೆ ಇನ್ನೊಬ್ಬರಿಗೆ ಸಲ್ಲುವ ಉಪಚಾರ ಎಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಬರಲು ಕಾರಣವಾದ ಪ್ರಸಂಗವನ್ನು ಹೇಳಬೇಕು. ಠಾಣೆಯ ವಾಗಳೆ ಎಸ್ಟೇಟಿನ ಕೆಲವು ಕಾರ್ಖಾನೆ, ಕಚೇರಿಗಳಿಗೆ ಮಧ್ಯಾಹ್ನದ ಊಟ ಒದಗಿಸುವ ಸಣ್ಣ ಅಡುಗೆಮನೆಯೊಂದರಲ್ಲಿ ನಾನು ಪಾಲುದಾರ. ನಮ್ಮ ಹಳೆಯ ಪಿಕಪ್ಪಿಗೆ ವಯಸ್ಸಾಗಿದೆ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ವರ್ಷಕ್ಕೊಮ್ಮೆ ಯೋಗ್ಯತಾ ಪ್ರಮಾಣಪತ್ರ ಪಡೆಯಬೇಕಾದ್ದರಿಂದ, ಪ್ರತಿವರ್ಷವೂ ಅದಕ್ಕೆ ಬಣ್ಣ ಬಳಿಸಿ, ಬ್ರೇಕು ಬಿಗಿಸಿ, ದೇವರಿಗೆ ಕೈಮುಗಿದು ಪರೀಕ್ಷೆಗೆ ಒಯ್ಯುವುದು ವಾರ್ಷಿಕ ಶ್ರಾದ್ಧದಷ್ಟೇ ನಿಯಮಿತವಾದ ಕರ್ಮವಾಗಿದೆ. ಆದ್ದರಿಂದ ಹೊಸದನ್ನು ಕೊಳ್ಳುವ ನಿರ್ಧಾರವಾಯಿತು. ಹೆಸರಾಂತ ಕಂಪನಿಯೊಂದರ ಹೊಸ ಮಾದರಿಯನ್ನು ಕುರಿತು ಜಾಹೀರಾತುಗಳು ನಮ್ಮನ್ನು ಸಾಕಷ್ಟು ಹುರಿದುಂಬಿಸಿದ್ದವು. ಬೆಟ್ಟವನ್ನು ಏರುವ, ಹೊಳೆಯನ್ನು ಸೀಳುವ, ಧೂಳೆಬ್ಬಿಸಿ ನಿಲ್ಲುವ ಆ ಗಾಡಿಯ ಬೆನ್ನ ಮೇಲೆ ಒಂದು ಚೀಲವೂ ಇರಲಿಲ್ಲವೆಂಬುದು ಆಮೇಲೆ ನೆನಪಾಗುವ ಸಂಗತಿ.

ಮಳಿಗೆಗೆ ನಾವು ಮೂವರು ಹೋಗಿದ್ದೆವು. ನಾನು; ಹದಿಮೂರು ವರ್ಷಗಳಿಂದ ನಮ್ಮ ಗಾಡಿ ಓಡಿಸುತ್ತಿರುವ, ಇಂಡಿ ತಾಲ್ಲೂಕಿನ ಚಾಲಕ; ಮತ್ತು ಪಾತ್ರೆಗಳನ್ನು ಏರಿಸಿ ಇಳಿಸುವ, ಯಾದಗಿರಿ ಕಡೆಯ ತರುಣ. ಚಹಾ ಬಂದದ್ದು ನನಗೊಬ್ಬನಿಗೆ. ಅದನ್ನು ನಾನು ದೊಡ್ಡದು ಮಾಡುವುದಿಲ್ಲ. ಆದರೆ ಗಾಡಿ ಓಡಿಸುವ ಹೊತ್ತಿನಲ್ಲಿಯೂ ಮಾಲೀಕರೇ ಓಡಿಸಬೇಕೆಂದು ಅವರು ಪಟ್ಟು ಹಿಡಿದರು. ಚಾಲಕನ ಬಳಿ ಇರುವುದು ಲಘು ಮೋಟಾರು ವಾಹನದ ಲೈಸೆನ್ಸು, ಅದರ ಮೇಲೆ ಸಾರಿಗೆ ವಾಹನದ ಷರಾ ಇಲ್ಲ ಎಂಬುದು ಅವರು ಕೊಟ್ಟ ಕಾರಣ. ಒಟ್ಟು ತೂಕ 7500 ಕಿಲೋ ಮೀರದ ಸಾರಿಗೆ ವಾಹನಕ್ಕೆ ಲಘು ವಾಹನದ ಲೈಸೆನ್ಸೇ ಸಾಕು, ಪ್ರತ್ಯೇಕ ಷರಾ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿತ್ತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿದಿದೆ. ನ್ಯಾಯಾಲಯದ ಮಾತು ಮಳಿಗೆಯ ಮೇಜಿನವರೆಗೆ ಬಂದಿರಲಿಲ್ಲ. ನನ್ನ ಬಳಿ ಇರುವ ಲೈಸೆನ್ಸೂ ಅದೇ ಬಗೆಯದು ಎಂಬುದನ್ನು ಯಾರೂ ಗಮನಿಸಲಿಲ್ಲ. ಸರಕು ಗಾಡಿಯನ್ನು ವರ್ಷಕ್ಕೆ ಎರಡು ಬಾರಿಯೂ ಮುಟ್ಟದ ನನ್ನ ಕೈಗೆ ಚಕ್ರ ಬಂತು. ದಿನಕ್ಕೆ ಎಂಟು ಗಂಟೆ ಅದನ್ನು ಹಿಡಿಯಬೇಕಾದವನು ಫುಟ್‌ಪಾತಿನ ಮೇಲೆ ನಿಂತ.

ಮೂರು ಕಿಲೋಮೀಟರು ಓಡಿಸಿದೆ. ನುಣುಪಾದ ಸರ್ವಿಸ್ ರಸ್ತೆ, ಒಂದು ತಿರುವು, ಮರಳಿ ಮಳಿಗೆ. ಎಂಜಿನ್ನಿನ ಸದ್ದು ಕಡಿಮೆ, ಪರದೆ ದೊಡ್ಡದು, ಹಿಮ್ಮುಖವಾಗಿ ಚಲಿಸುವಾಗ ಹಿಂದಿನ ದೃಶ್ಯವೆಲ್ಲ ಕಣ್ಣೆದುರಿಗೆ ಬರುತ್ತದೆ. ಈ ಗುಣಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರಸ್ತೆಯ ಸಣ್ಣ ಉಬ್ಬುಗಳ ಮೇಲೂ ಹಿಂಭಾಗ ಎಗರೆಗರಿ ಬೀಳುತ್ತಿತ್ತು. ಕೇಳಿದರೆ, ಖಾಲಿ ಇರುವುದರಿಂದ ಹಾಗೆ, ಭಾರ ಬಿದ್ದರೆ ಸರಿಹೋಗುತ್ತದೆ ಎಂದು ಯುವಕ ಹೇಳಿದ. ಅವನ ಮಾತು ನಿಜ. ಹಿಂದಿನ ಅಚ್ಚಿಗೆ ಕಮಾನಿನಂತೆ ಜೋಡಿಸಿರುವ ಉಕ್ಕಿನ ಪಟ್ಟಿಗಳು ಒಂದೂವರೆ ಟನ್ ಹೊರಲೆಂದೇ ಬಿಗಿಯಾಗಿರುತ್ತವೆ. ಹೊರೆ ಇಲ್ಲದಾಗ ಅವು ಬಾಗುವುದಿಲ್ಲ, ಕುಲುಕುತ್ತವೆ. ಹಾಗಾದರೆ ಭಾರ ಹಾಕಿಯೇ ನೋಡೋಣ ಎಂದೆ. ಅದಕ್ಕೆ ಅನುಮತಿ ಇಲ್ಲವೆಂದರು. ಏರು ಇರುವ ಕಡೆ, ಘೋಡಬಂದರ್ ರಸ್ತೆಯ ಗಾಯಮುಖದವರೆಗಾದರೂ ಹೋಗೋಣ ಎಂದೆ. ಅಷ್ಟು ದೂರಕ್ಕೆ ಅವಕಾಶವಿಲ್ಲವೆಂದರು. ಕೊನೆಗೆ ಚಾಲಕನಿಗೂ ಐದು ನಿಮಿಷ ಚಕ್ರ ಸಿಕ್ಕಿತು. ಇಳಿದು ಬಂದವನು ನನ್ನ ಕಿವಿಯಲ್ಲಿ ಹೇಳಿದ್ದು ಇಷ್ಟೇ: "ಖಾಲಿ ಗಾಡಿ ಯಾವುದಾದ್ರೂ ಓಡತೈತ್ರಿ ಅಣ್ಣಾರ. ತುಂಬಿದಾಗ ಏರಿನ್ಯಾಗ ಹೆಂಗ ನಿಂದರತೈತಿ, ಅದನ್ನ ನೋಡಬೇಕ್ರಿ."

ಸರಕು ವಾಹನದ ಗುಣಾವಗುಣಗಳು ಹೊರೆ ಬಿದ್ದ ಮೇಲೆಯೇ ಹೊರಬರುವಂಥವು. ತುಂಬಿದ ಗಾಡಿಯನ್ನು ಇಳಿಜಾರಿನಲ್ಲಿ ತಡೆದು ನಿಲ್ಲಿಸಲು ಎಷ್ಟು ಅಂತರ ಬೇಕು, ಏರಿನ ನಡುವೆ ನಿಂತು ಮತ್ತೆ ಹೊರಡುವಾಗ ಕ್ಲಚ್ಚು ಸುಟ್ಟ ವಾಸನೆ ಬರುತ್ತದೆಯೇ, ಹಿಂದೆ ಭಾರ ಕುಳಿತಾಗ ಮುಂದಿನ ಗಾಲಿಗಳು ಹಗುರಾಗಿ ಚಕ್ರ ಕೈಗೆ ಸಡಿಲವೆನಿಸುತ್ತದೆಯೇ ಎಂಬ ಪ್ರಶ್ನೆಗಳಿಗೆ ಖಾಲಿ ಗಾಡಿ ಉತ್ತರಿಸದು. ನಮ್ಮಂಥವರಿಗೆ ಇನ್ನೂ ಒಂದು ಪ್ರಶ್ನೆ ಇದೆ: ನಲವತ್ತು ಲೀಟರಿನ ಪಾತ್ರೆಯಲ್ಲಿರುವ ಸಾಂಬಾರು ಚೆಲ್ಲುತ್ತದೆಯೇ? ಮುಂಬಯಿಯ ಮಳೆಗಾಲದ ರಸ್ತೆಗಳನ್ನು ಬಲ್ಲ ಯಾವ ಅಡುಗೆಯವನೂ ಈ ಪ್ರಶ್ನೆಗೆ ನಗಲಾರ.

ಮತ್ತೊಂದು ವಿಷಯವನ್ನು ಮೂರು ಕಿಲೋಮೀಟರಿನಲ್ಲಿ ಕಾಣುವುದು ಅಸಾಧ್ಯ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮಗಳ ನಂತರ ಬಹುತೇಕ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವಿದೆ. ಹೊಗೆ ಸಾಕಷ್ಟು ಬಿಸಿಯಾದಾಗ ಆ ಮಸಿ ತಾನಾಗಿ ಸುಟ್ಟುಹೋಗಬೇಕು. ಅದಕ್ಕೆ ಗಾಡಿ ಕೆಲಹೊತ್ತು ಒಂದೇ ಸಮನೆ ವೇಗವಾಗಿ ಓಡಬೇಕು. ಹೆಜ್ಜೆಗೊಮ್ಮೆ ನಿಲ್ಲುವ ನಗರದ ಗಾಡಿಗೆ ಆ ಭಾಗ್ಯವೆಲ್ಲಿ? ಮಸಿ ತುಂಬುತ್ತದೆ, ದೀಪ ಹೊತ್ತಿಕೊಳ್ಳುತ್ತದೆ, ಎಂಜಿನ್ನು ಮುಷ್ಕರ ಹೂಡುತ್ತದೆ. ನಿಯಮದ ಉದ್ದೇಶ ಸರಿಯಾದದ್ದೇ. ನಮ್ಮ ಮಕ್ಕಳ ಶ್ವಾಸಕೋಶಗಳಿಗೆ ಅದು ಬೇಕಾದದ್ದೇ. ದಿನಕ್ಕೆ ಹದಿನೆಂಟು ಕಿಲೋಮೀಟರನ್ನು ನಾಲ್ಕು ಗಂಟೆಗಳಲ್ಲಿ ಕ್ರಮಿಸುವ ಗಾಡಿಗೆ ಡೀಸೆಲ್ ಸೂಕ್ತವೇ, ಸಿಎನ್‌ಜಿ ಮೇಲೇ ಎಂದು ಪ್ರಾಮಾಣಿಕವಾಗಿ ಹೇಳುವವರು ಮಾತ್ರ ಮಳಿಗೆಯಲ್ಲಿ ಸಿಗಲಿಲ್ಲ.

ನನ್ನ ನಿಜವಾದ ನಿರಾಶೆ ಇರುವುದು ಬೇರೆ ಕಡೆ. ಯಾದಗಿರಿಯ ತರುಣನಿಗೆ ಗಾಡಿ ಓಡಿಸುವ ಆಸೆ ಇರಲಿಲ್ಲ. ಅವನು ಹಿಂಬದಿಗೆ ಹೋಗಿ, ಹಲಗೆಯನ್ನು ಇಳಿಸಿ, ಅದರ ಪಕ್ಕದಲ್ಲಿ ಸುಮ್ಮನೆ ನಿಂತ. ನಮ್ಮ ಹಳೆಯ ಗಾಡಿಯ ತಳ ಅವನ ಸೊಂಟದ ಮಟ್ಟಕ್ಕೆ ಬರುತ್ತದೆ. ಹೊಸದರದ್ದು ಪಕ್ಕೆಲುಬಿನ ಮೇಲಕ್ಕೆ. ಅಳೆದು ನೋಡಿದೆವು, ಏಳು ಅಂಗುಲ ಹೆಚ್ಚು. ದೊಡ್ಡ ಗಾಲಿ, ಎತ್ತರದ ನಿಲುವು, ಗಂಭೀರವಾದ ಮೂತಿ, ಇವೆಲ್ಲ ಕೊಳ್ಳುವವನ ಕಣ್ಣಿಗೆ ಬಲದ ಲಕ್ಷಣಗಳಾಗಿ ಕಾಣುತ್ತವೆ. ಆದರೆ ಕುದಿಯುವ ಸಾಂಬಾರಿನ ಪಾತ್ರೆಯನ್ನು ಬೆಳಿಗ್ಗೆ ಹತ್ತೂವರೆಗೆ ಮೇಲೆತ್ತುವವನಿಗೆ ಆ ಏಳು ಅಂಗುಲದ ಅರ್ಥವೇ ಬೇರೆ. ಸೊಂಟದ ಮಟ್ಟದಲ್ಲಿ ಜಾರಿದ ಪಾತ್ರೆ ನೆಲಕ್ಕೆ ಬೀಳುತ್ತದೆ. ಎದೆಯ ಮಟ್ಟದಲ್ಲಿ ಜಾರಿದ್ದು ಮೈಮೇಲೆ ಬೀಳುತ್ತದೆ. ಸಾಲದ್ದಕ್ಕೆ, ನಮಗೆ ತೋರಿಸಿದ ಮಾದರಿಯಲ್ಲಿ ಚಾಲಕನ ಪಕ್ಕದಲ್ಲಿ ಒಂದೇ ಆಸನ. ನಮ್ಮ ಪಾತ್ರೆಗಳ ಜೊತೆಗೆ ಹೋಗುವವರು ಇಬ್ಬರು. ಎರಡನೆಯವನು ಎಲ್ಲಿ ಕೂರಬೇಕು? ಹಿಂದೆ ಸರಕಿನ ನಡುವೆ ಎಂಬುದು ದೇಶದ ಎಲ್ಲ ರಸ್ತೆಗಳಲ್ಲಿ ನಾವು ದಿನನಿತ್ಯ ಕಾಣುವ ಉತ್ತರ. ಅವಘಡವಾದಾಗ ಅಲ್ಲಿ ಕುಳಿತವನ ಮನೆಯವರು ವಿಮಾ ಕಂಪನಿಯ ತಕರಾರುಗಳೊಡನೆ ವರ್ಷಗಟ್ಟಲೆ ಹೋರಾಡಬೇಕಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ.

ಇದು ಹೀಗೆಯೇ ಇರಬೇಕೆಂದೇನೂ ಇಲ್ಲ. ಸಣ್ಣ ಸರಕು ಗಾಡಿಗಳಿಗೆ ನಾವು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ 'ಟೆಂಪೋ' ಎನ್ನುತ್ತೇವಲ್ಲ, ಅದು ಜರ್ಮನಿಯ ಒಂದು ಕಂಪನಿಯ ಗಾಡಿಯ ಹೆಸರು. ಬಜಾಜ್ ಟೆಂಪೋ ಎಂಬ ಕಂಪನಿಯ ಮೂಲಕ ಇಲ್ಲಿಗೆ ಬಂದು ನಮ್ಮ ನಾಲಗೆಯಲ್ಲಿ ನೆಲೆ ನಿಂತಿತು. ಕಂಪನಿಯ ಹೆಸರು 2005ರಲ್ಲಿ ಬದಲಾದರೂ ಮಾತು ಬದಲಾಗಲಿಲ್ಲ. ಎಂಬತ್ತರ ದಶಕದಲ್ಲಿ ನಾಲ್ಕು ಜಪಾನಿ ಕಂಪನಿಗಳು ಭಾರತೀಯ ಪಾಲುದಾರರೊಡನೆ ಲಘು ಸರಕು ವಾಹನಗಳನ್ನು ತಂದವು. ಅವುಗಳಲ್ಲಿ ಒಂದಾದ ಆಲ್ವಿನ್ ನಿಸ್ಸಾನ್ ತಯಾರಾಗುತ್ತಿದ್ದುದು ನಮ್ಮ ಬೀದರಿಗೆ ಹತ್ತಿರದ ಜಹೀರಾಬಾದಿನಲ್ಲಿ. ಅವಕ್ಕೆ ಎದುರಾಗಿ 1986ರಲ್ಲಿ ಬಂದ ಟಾಟಾ 407 ಬಹುಕಾಲ ಬಾಳಿದ್ದಕ್ಕೆ ನಮ್ಮ ರಸ್ತೆ, ನಮ್ಮ ಹೊರೆಗಳನ್ನು ಅದು ಅರಿತಿದ್ದುದು ಮುಖ್ಯ ಕಾರಣವೆಂದು ನನ್ನ ನಂಬಿಕೆ. 2005ರಲ್ಲಿ ಬಂದ, 'ಛೋಟಾ ಹಾಥಿ' ಎಂದು ಜನ ಕರೆದ ಟಾಟಾ ಏಸ್ ಗಾಡಿಯನ್ನು ರೂಪಿಸುವ ಮುನ್ನ, ಅದರ ತಂತ್ರಜ್ಞರು ಮೂರು ಗಾಲಿಯ ಸರಕು ಗಾಡಿಗಳನ್ನು ಓಡಿಸುವವರ ಬಳಿಗೇ ಹೋಗಿ ಅವರಿಗೆ ಏನು ಬೇಕೆಂದು ಕೇಳಿದ್ದರು. ಕೇಳಿದರೆ ಉತ್ತರ ಸಿಗುತ್ತದೆ. ಈಗಿನ ಪಿಕಪ್ಪುಗಳು ಮಾತ್ರ ವಿಹಾರಕ್ಕೆ ಹೋಗುವ ಕಾರುಗಳೊಡನೆ ಸೌಂದರ್ಯ ಸ್ಪರ್ಧೆಗೆ ಇಳಿದಿವೆ.

ಕಾನೂನಿನ ನೆರಳೂ ಈ ಜನರ ಮೇಲೆ ಅರ್ಧವಷ್ಟೇ ಬೀಳುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಟ್ರಕ್ಕುಗಳ ಚಾಲಕರ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಯಿತೆಂದು ಸಂತೋಷಪಟ್ಟೆವು. ಆ ನಿಯಮ ಅನ್ವಯಿಸುವುದು ಒಟ್ಟು ತೂಕ 3.5 ಟನ್ ಮೀರಿದವಕ್ಕೆ. ಅದಕ್ಕಿಂತ ಕೆಳಗಿನ ಪಿಕಪ್ಪಿನ ಚಾಲಕ ಅದೇ ಮೇ ತಿಂಗಳ ಬಿಸಿಲಿನಲ್ಲಿ, ಅದೇ ಸಿಗ್ನಲ್ಲಿನಲ್ಲಿ, ಟ್ರಕ್ಕಿನ ಪಕ್ಕದಲ್ಲೇ ಬೇಯಬೇಕು. ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಿತಿಯೂ ಇಂಥದ್ದೇ. 2019ರ ಕಾಯಿದೆಯ ಪ್ರಕಾರ ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡಿದ್ದರೆ ಮಾತ್ರ ವಿನಾಯಿತಿ. ಹಳೆಯ ಕಾಯಿದೆಯಲ್ಲಿಯೂ ಇದೇ ವಿನಾಯಿತಿ ಇತ್ತು. ಟ್ರಕ್ಕನ್ನು ತಾನೇ ಓಡಿಸಿ ಬದುಕುವವನು ಗ್ರಾಹಕನೇ, ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡರೂ ಆ ಹಕ್ಕು ಹೋಗದು ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ವಿವರಿಸಿತ್ತು. ಆದರೂ ಸಂಬಳದ ಚಾಲಕನನ್ನು ಇಟ್ಟುಕೊಂಡ ಸಣ್ಣ ಹೋಟೆಲಿನವನು ದೂರು ಕೊಡಲು ಹೋದರೆ ಮೊದಲ ವಾಯಿದೆಯಲ್ಲೇ ಎದುರಾಗುವುದು, ನೀನು ಗ್ರಾಹಕನೇ ಅಲ್ಲ ಎಂಬ ವಾದ. ಕೊಂಡ ಮೇಲೆ ದಾರಿ ಇಷ್ಟು ದುರ್ಗಮವಾಗಿರುವಾಗ ಕೊಳ್ಳುವ ಮುನ್ನಿನ ಪರೀಕ್ಷೆಯೊಂದೇ ಅವನಿಗೆ ಉಳಿದ ರಕ್ಷಣೆ. ಅದನ್ನೂ ಮೂರು ಕಿಲೋಮೀಟರಿನ ಮೆರವಣಿಗೆಯಾಗಿ ಮಾಡಿಬಿಟ್ಟಿದ್ದಾರೆ. ಮಾರಾಟಗಾರರು ನೋಂದಣಿಗೆ ಮುನ್ನ ಗಾಡಿಯನ್ನು ಯಾವ ಯಾವ ಕಾರಣಕ್ಕೆ ರಸ್ತೆಗಿಳಿಸಬಹುದೆಂದು ಹೇಳುವ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು, ಕೊಳ್ಳಬಯಸುವವನಿಗಾಗಿ ನಡೆಸುವ ಯುಕ್ತವಾದ ಪರೀಕ್ಷೆಯನ್ನೂ ಅವುಗಳಲ್ಲಿ ಸೇರಿಸಿವೆ. ಸರಕು ಗಾಡಿಗೆ ಯುಕ್ತವಾದದ್ದು ಯಾವುದೆಂದು ಗಾಡಿ ಕೊಳ್ಳುವವರೇ ಕೂಡಿ ಹೇಳಬೇಕಾಗಿದೆ.

ಹೊರನಾಡಿನ ಕನ್ನಡಿಗರಾದ ನಮಗೆ ಈ ಮಾತು ಹೆಚ್ಚು ತಟ್ಟಬೇಕು. ಮುಂಬಯಿಯ ನಮ್ಮ ಉಡುಪಿ ಹೋಟೆಲುಗಳಿಗೆ ವಾಶಿಯ ಮಾರುಕಟ್ಟೆಯಿಂದ ತರಕಾರಿ, ತೆಂಗಿನಕಾಯಿ ಬರುವುದು ಇಂಥ ಗಾಡಿಗಳಲ್ಲಿ. ಅವನ್ನು ಓಡಿಸುವವರಲ್ಲಿ, ಹೊರುವವರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿಯವರು ಕಡಿಮೆಯಿಲ್ಲ. ರಾಜ್ಯೋತ್ಸವದ ವೇದಿಕೆಯ ಕಂಬ, ಕುರ್ಚಿ, ಯಕ್ಷಗಾನದ ಪೆಟ್ಟಿಗೆಗಳನ್ನು ಸಾಗಿಸುವವರೂ ಅವರೇ. ನಮ್ಮ ಸಂಘಗಳಲ್ಲಿ ಹೋಟೆಲು ಮಾಲೀಕರಿದ್ದಾರೆ, ಸಾಗಣೆದಾರರಿದ್ದಾರೆ, ವಕೀಲರಿದ್ದಾರೆ. ಒಂದೊಂದು ನಗರದಲ್ಲಿ ಹತ್ತಿಪ್ಪತ್ತು ಜನ ಒಟ್ಟಾಗಿ, ನಮ್ಮ ಚಾಲಕನೇ ಓಡಿಸಬೇಕು, ನಮ್ಮ ಹೊರೆಯನ್ನೇ ಹಾಕಬೇಕು, ಒಂದು ಏರನ್ನಾದರೂ ಹತ್ತಬೇಕು, ಇಲ್ಲವಾದರೆ ಮುಂಗಡವಿಲ್ಲ ಎಂದರೆ ಯಾವ ಮಳಿಗೆಯವನೂ ಬಾಗಿಲು ಹಾಕಿಕೊಳ್ಳುವುದಿಲ್ಲ. ಖರೀದಿಯ ಮಾತು ಬಂದಾಗ ಚಾಲಕನನ್ನೂ ಹಮಾಲನನ್ನೂ ಮನೆಯಲ್ಲೇ ಬಿಟ್ಟು ಹೋಗುವ ನಮ್ಮವರೂ ಇದ್ದಾರೆಂಬುದನ್ನು ಇಲ್ಲಿ ಹೇಳದಿದ್ದರೆ ಮಳಿಗೆಯವರಿಗೆ ಅನ್ಯಾಯವಾದೀತು.

ಎರಡು ದಿನ ಬಿಟ್ಟು ಅದೇ ಯುವಕ ಫೋನು ಮಾಡಿದ. ಗಾಡಿ ಹೇಗಿತ್ತೆಂದು ಕೇಳಲು ಅಲ್ಲ. ಕಂಪನಿಯಿಂದ ಒಂದು ಕರೆ ಬರುತ್ತದೆ, ನನ್ನ ಸೇವೆಗೆ ಐದಕ್ಕೆ ಐದು ಅಂಕ ಕೊಡಿ, ನಾಲ್ಕು ಕೊಟ್ಟರೂ ನನ್ನ ಸಂಬಳದಲ್ಲಿ ಕಡಿತವಾಗುತ್ತದೆ ಎಂದು ಬೇಡಿಕೊಳ್ಳಲು. ಅವನಿಗೆ ಐದು ಕೊಟ್ಟೆ. ಗಾಡಿಗೆ ಎಷ್ಟೆಂದು ಆ ಕರೆಯಲ್ಲಿ ಯಾರೂ ಕೇಳಲಿಲ್ಲವಾದ್ದರಿಂದ, ಏಳು ಅಂಗುಲದ ವಿಷಯವನ್ನೂ ಆಸನದ ವಿಷಯವನ್ನೂ ಒಂದು ಪತ್ರದಲ್ಲಿ ಬರೆದು ಕಂಪನಿಯ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ್ದೇನೆ. ಹಳೆಯ ಗಾಡಿಗೆ ಹೊಸ ಕ್ಲಚ್ ಪ್ಲೇಟು ಹಾಕಿಸಿದ್ದೇವೆ.